ಮಗುವಿಗೊಂದು ಕಾಮಿಕ್ಸ್ ಮಾಡೋಣ, ಆದರೆ ಯಾವ ಹಳೇ ಶೈಲಿಯಲ್ಲಿ?

ಹೋದ ಬೇಸಿಗೆ ರಜೆಗೆ ಅಕ್ಕನ ಮಗಳು ಕಲಬುರಗಿಗೆ ಬರುವವಳಿದ್ದಳು. ಬಂದ ವಾರದಲ್ಲೇ ಏಳು ವರ್ಷ ತುಂಬುವುದಿತ್ತು. ಆಟಿಕೆ ಕೊಟ್ಟರೆ ಎರಡು ದಿನಕ್ಕೆ ಬಿಚ್ಚಿಡುತ್ತಾಳೆ, ಬಟ್ಟೆ ಕೊಟ್ಟರೆ ಮುಖ ತಿರುಗಿಸುತ್ತಾಳೆ. ಅದಕ್ಕೆ ಅವಳೇ ನಾಯಕಿಯಾಗಿರೋ ಎಂಟು ಪುಟದ ಕಾಮಿಕ್ಸ್ ಒಂದನ್ನು ಮಾಡಿಕೊಡೋಣ ಅಂದುಕೊಂಡೆ. ಕತೆ ಸಣ್ಣದು. ಆಡು ಕಳೆದುಹೋಗಿದೆ, ಹುಡುಕುತ್ತಾ ಕೋಟೆಯೊಳಗೆ ಹೋಗುತ್ತಾಳೆ, ನೋಡಿದರೆ ಅದು ಅಲ್ಲಿರೋ 29 ಅಡಿ ಉದ್ದದ ತೋಪಿನ (ಫಿರಂಗಿಯ) ಮೇಲೆ ಹತ್ತಿ ನಿಂತಿದೆ, ಇಳಿಯಲು ಒಪ್ಪುತ್ತಿಲ್ಲ. ಅಷ್ಟೇ.

ನನಗೆ ಹಳೇ ಅಮೆರಿಕನ್ ಕಾಮಿಕ್ಸ್ ಅಂದರೆ ಜೀವ. ದಪ್ಪ ಕಪ್ಪು ನೆರಳು, ಚುಕ್ಕಿ ಚುಕ್ಕಿ ಬಣ್ಣ, ಹಳದಿಯಾದ ಕಾಗದ. ಹಾಗೇ ಮಾಡಿದೆ. ಹದಿನೈದು ರಾತ್ರಿ ಕೂತು ಬರೆದೆ. ಹುಟ್ಟುಹಬ್ಬದ ದಿನ ಕೈಗೆ ಕೊಟ್ಟೆ. ಅವಳು ಮೂರು ಪುಟ ತಿರುವಿ ಹಾಕಿ ಕೇಳಿದಳು: "ಮಾಮಾ, ಈ ಹುಡುಗಿ ಯಾರು?"

ಮುಖಪುಟದ ಮೇಲೆ ಅವಳ ಹೆಸರು ಅಂಗೈ ಅಗಲಕ್ಕೆ ಇತ್ತು!

ಆದರೆ ತಪ್ಪು ಅವಳದ್ದಲ್ಲ. ಗುಲಾಬಿ ಬಣ್ಣದ ಮೈ, ಚೂಪು ಗದ್ದ, ಗಾಳಿಗೆ ಹಾರೋ ಕೂದಲು. ಎರಡು ಜಡೆ ಹಾಕಿಕೊಂಡು, ಮುಂದಿನ ಹಲ್ಲು ಬಿದ್ದು, ಅಜ್ಜಿಯ ಚಪ್ಪಲಿ ಮೆಟ್ಟಿಕೊಂಡು ಓಡಾಡೋ ನಮ್ಮ ಹುಡುಗಿ ಅದರಲ್ಲಿ ಎಲ್ಲೂ ಇರಲಿಲ್ಲ. ನನ್ನ ಬಾಲ್ಯದ ಆಸೆಯನ್ನು ಅವಳ ಹುಟ್ಟುಹಬ್ಬಕ್ಕೆ ಕಟ್ಟಿದ್ದೆ. ಆಮೇಲೆ ಬೇರೆ ಶೈಲಿಯಲ್ಲಿ ಪೂರ್ತಿ ಮತ್ತೆ ಮಾಡಿದೆ. ಆ ಎರಡು ಸಲದ ಕೆಲಸದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಒಂದೇ ಸಲಕ್ಕೆ ಮುಗಿಸಿ.

ಮೊದಲು ಕತೆ, ಆಮೇಲೆ ಶೈಲಿ

ಎಲ್ಲರೂ ಉಲ್ಟಾ ಮಾಡುತ್ತಾರೆ. ಫೋನಿನಲ್ಲಿ ಚಂದದ ಹಳೇ ಮುಖಪುಟ ಒಂದನ್ನು ನೋಡಿ "ಇಂಥದ್ದೇ ಬೇಕು" ಅಂತ ಶುರು ಮಾಡುತ್ತಾರೆ. ಅದಕ್ಕೂ ಮೊದಲು ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ಮಗು ತಾನೇ ಓದುತ್ತದೋ, ಯಾರಾದರೂ ಓದಿ ಹೇಳಬೇಕೋ. ಕತೆ ಹಗಲಲ್ಲಿ ನಡೆಯುತ್ತದೋ ರಾತ್ರಿಯೋ, ಬಯಲಲ್ಲೋ ಮನೆಯೊಳಗೋ. ಕೊನೆಗೆ ಇದನ್ನು ಎಲ್ಲಿ ಪ್ರಿಂಟ್ ಹಾಕಿಸುತ್ತೀರಿ, ಕಪ್ಪು ಬಿಳುಪೋ ಬಣ್ಣವೋ.

ಮೂರನೇದು ಕಡೆಗೆ ನೋಡಿದರಾಯಿತು ಅಂತ ಬಿಡಬೇಡಿ. ಹಳೇ ಕಾಮಿಕ್ಸ್ ಶೈಲಿ ಅಂತ ನಾವು ಇವತ್ತು ಪ್ರೀತಿಸೋದು ಅರ್ಧಕ್ಕರ್ಧ ಪ್ರಿಂಟಿಂಗ್ ಮೆಷಿನ್ನಿನ ಬಡತನದಿಂದ ಬಂದದ್ದು. ಕಾಮಿಕ್ಸ್ ನಾಯಕ ಫ್ಯಾಂಟಮ್‌ನ ಬಟ್ಟೆ ನೇರಳೆ ಯಾಕೆ? ಅವನನ್ನು ಸೃಷ್ಟಿಸಿದ ಲೀ ಫಾಕ್ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. 1936ರಲ್ಲಿ ಶುರುವಾದ ದಿನಪತ್ರಿಕೆಯ ಚಿತ್ರಪಟ್ಟಿ ಕಪ್ಪು ಬಿಳುಪಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂದಾಗ ನೇರಳೆಯಾಗಿ ಕೂತುಬಿಟ್ಟ. ಇಟಲಿಯಲ್ಲಿ ಅವನೇ ಕೆಂಪು ಬಟ್ಟೆಯವನು. ಆದರೂ ಎಲ್ಲ ಕಡೆ ಗುರುತು ಸಿಕ್ಕ, ಯಾಕೆಂದರೆ ಆಯಾ ಊರಿನಲ್ಲಿ ಒಂದು ಬಣ್ಣ ಹಿಡಿದ ಮೇಲೆ ಬಿಡಲಿಲ್ಲ. ನಿಮ್ಮ ಮಗುವಿಗೂ ಹಾಗೇ ಮಾಡಿ. ಒಂದು ಫ್ರಾಕು ಅಥವಾ ಅಂಗಿ, ಒಂದೇ ಬಣ್ಣ, ಮೊದಲ ಚೌಕದಿಂದ ಕೊನೇ ಚೌಕದವರೆಗೆ.

ಹಳೇದು ಅಂದರೆ ಯಾರ ಹಳೇದು?

ಸುಮ್ನೆ "ವಿಂಟೇಜ್" ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ನಮ್ಮ ಮನೆಗಳ ಅಟ್ಟದ ಮೇಲೆ ಇರೋ ಹಳೇದು ಬೇರೆ, ಅಮೆರಿಕದ ಹಳೇದು ಬೇರೆ. ಒಂದೊಂದಾಗಿ ನೋಡೋಣ. ಎಲ್ಲಕ್ಕೂ ಸಮ ಜಾಗ ಕೊಡುವುದಿಲ್ಲ, ನನಗೆ ಇಷ್ಟವಾದದ್ದಕ್ಕೆ ಜಾಸ್ತಿ ಕೊಡುತ್ತೇನೆ.

ಚಂದಮಾಮದಿಂದ ಶುರು ಮಾಡೋಣ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಸರಿಯಾಗಿ ಹೇಳಬೇಕೆಂದರೆ ಅದು ಕಾಮಿಕ್ಸೇ ಅಲ್ಲ, ಚಿತ್ರ ಇರೋ ಕತೆ. ಆದರೆ ಹೆಗಲ ಮೇಲೆ ಬೇತಾಳವನ್ನು ಹೊತ್ತು ಕತ್ತಿ ಹಿಡಿದು ಹೊರಟ ವಿಕ್ರಮನ ಆ ಚಿತ್ರ ಯಾರಿಗೆ ನೆನಪಿಲ್ಲ ಹೇಳಿ? ಅದು ಶಂಕರ್ ಅವರ ಕೈ. ನಮ್ಮ ಕನ್ನಡದವರೇ ಆದ ಎಂ.ಟಿ.ವಿ. ಆಚಾರ್ಯ ಕೂಡ ಅಲ್ಲಿ ಬರೆದವರು. ಸಪೂರ ಪೆನ್ನಿನ ಗೆರೆ, ಬಟ್ಟೆಯ ಒಂದೊಂದು ಮಡಿಕೆ, ಮರದ ಒಂದೊಂದು ಎಲೆ. ಪುಟಕ್ಕೆ ಒಂದೋ ಎರಡೋ ಚಿತ್ರ, ಕೆಳಗೆ ಕತೆ. ಮಾತಿನ ಗುಳ್ಳೆ ಇಲ್ಲ.

ಇನ್ನೂ ಓದಲು ಬಾರದ ನಾಲ್ಕೈದು ವರ್ಷದ ಮಗುವಿಗೆ ಇದು ಬಲು ಚೆನ್ನ. ಅಜ್ಜಿ ಓದುತ್ತಾಳೆ, ಮಗು ಚಿತ್ರ ನೋಡುತ್ತದೆ. ರಾಜ, ಕಾಡು, ಕೋಟೆ ಇರೋ ಕತೆಗೆ ಒಗ್ಗುತ್ತದೆ. ಪುಟ ಜೋಡಿಸೋದು ಸುಲಭ. ಬರೆಯೋದು ಮಾತ್ರ ಕಷ್ಟ, ಕೈ ಪಳಗಿರದಿದ್ದರೆ ಎರಡನೇ ಪುಟಕ್ಕೇ ಸಾಕಾಗಿ ಹೋಗುತ್ತದೆ.

ಆಮೇಲೆ ಅಮರ ಚಿತ್ರ ಕಥೆ. ಅದನ್ನು ಶುರು ಮಾಡಿದ್ದು ಅನಂತ ಪೈ, 1967ರಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದಕ್ಕೂ ಮೊದಲು, 1965ರಲ್ಲಿ, ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, ಪರದೇಶದ ಕತೆಗಳ ಅನುವಾದವಾಗಿ. ನಾವು ಇದನ್ನು ಜಾಸ್ತಿ ಹೇಳಿಕೊಳ್ಳುವುದಿಲ್ಲ ನೋಡಿ. ಇರಲಿ. ಈ ಶೈಲಿಯ ಗುರುತು ಏನೆಂದರೆ ನೇರ ಚೌಕಗಳು, ಮೇಲೆ ಒಂದು ಪಟ್ಟಿಯಲ್ಲಿ ಕತೆ ಹೇಳೋ ಸಾಲು, ಕ್ಯಾಲೆಂಡರಿನ ದೇವರ ಹಾಗೆ ನಿಂತ ಪಾತ್ರಗಳು, ಗಾಢ ಬಣ್ಣ. ಜಾತ್ರೆ, ಹಬ್ಬ, ಮನೆದೇವರ ಕತೆ ಮಾಡುವವರಿಗೆ ಸರಿಯಾದದ್ದು. ಶರಣಬಸವೇಶ್ವರ ಜಾತ್ರೆಯ ತೇರನ್ನು ಮಗು ಮೊದಲ ಸಲ ನೋಡಿದ ದಿನ, ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗಿ ಬಂದದ್ದು, ಇಂಥವು.

ಒಂದು ಎಚ್ಚರಿಕೆ ಇದೆ. ಆ ಕಾಲದ ಪುಸ್ತಕಗಳಲ್ಲಿ ಒಳ್ಳೆಯವರು ಬೆಳ್ಳಗೆ, ರಾಕ್ಷಸರು ಕಪ್ಪಗೆ. ಫ್ಯಾಂಟಮ್ ಕತೆಯಲ್ಲೂ ಕಾಡಿನ ಜನಕ್ಕೆಲ್ಲ ದಿಕ್ಕು ತೋರಿಸೋನು ಒಬ್ಬ ಬಿಳಿಯ. ಶೈಲಿ ತೆಗೆದುಕೊಂಡರೆ ಇದೂ ಜೊತೆಗೆ ಒಳಗೆ ಬರುತ್ತದೆ, ನಾವು ನೋಡದೇ ಇದ್ದರೆ. ಮಗುವಿನ ಮೈಬಣ್ಣ ಹೇಗಿದೆಯೋ ಹಾಗೇ ಹಾಕಿ, ಒಂದು ಛಾಯೆ ಕೂಡ ತೆಳು ಮಾಡಬೇಡಿ. "ಸ್ವಲ್ಪ ಬೆಳ್ಳಗೆ ಮಾಡಪಾ" ಅಂತ ಮನೆಯಲ್ಲಿ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಕೇಳಬೇಡಿ.

ಮಕ್ಕಳ ಪತ್ರಿಕೆ ಬಾಲಮಂಗಳದ ಥರದ್ದು ಇನ್ನೊಂದು. ಅದರ ನಾಯಕ ಡಿಂಗನ ಅಭಿಮಾನಿಗಳು ಈಗ ಅಪ್ಪ ಅಮ್ಮ ಆಗಿದ್ದಾರೆ. ದೊಡ್ಡ ತಲೆ, ಸಣ್ಣ ಮೈ, ಉಬ್ಬಿದ ಕಣ್ಣು, ಪ್ರಾಣಿಗಳಿಗೆ ಮಾತು. ಬರೆಯಲು ಸುಲಭ, ನಗು ಗ್ಯಾರಂಟಿ. ನಿಮ್ಮ ಕತೆಯಲ್ಲಿ ಪ್ರಾಣಿ ಮಾತಾಡುತ್ತದೆ ಅಂದರೆ ಬೇರೆ ಯೋಚನೆ ಬೇಡ, ಇದನ್ನೇ ಹಿಡಿಯಿರಿ. ಆದರೆ ಡಿಂಗನನ್ನೇ ತಂದು ಕೂರಿಸಬೇಡಿ, ಫ್ಯಾಂಟಮ್‌ನನ್ನೂ ಬೇಡ. ಪಾತ್ರಗಳು ಅವರವರ ಆಸ್ತಿ. ಶೈಲಿಯಿಂದ ಕಲಿಯಬಹುದು, ಪಾತ್ರ ಎತ್ತಬಾರದು. ಅದೂ ಅಲ್ಲದೆ ಡಿಂಗ ಬಂದರೆ ಮಗು ಅವನನ್ನೇ ನೋಡುತ್ತದೆ, ನಾಯಕಿ ಮೂಲೆಗೆ ಸರಿಯುತ್ತಾಳೆ.

ನಾನು ಕೆಟ್ಟು ಕಲಿತ ಅಮೆರಿಕನ್ ಶೈಲಿ

1938ರಲ್ಲಿ ಸೂಪರ್‌ಮ್ಯಾನ್ ಬಂದ ಮೇಲಿನ ಎರಡು ಮೂರು ದಶಕದ್ದು. ಅಗ್ಗದ ಕಾಗದ, ನಾಲ್ಕು ಶಾಯಿ: ಸಯಾನ್ (ತಿಳಿ ನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ, ಕಪ್ಪು. ಒಂದೊಂದು ಬಣ್ಣಕ್ಕೂ ಶೇಕಡಾ 25, 50, 100 ಅನ್ನೋ ಮೂರೇ ಹಂತ, ಹಾಕದೆ ಬಿಟ್ಟರೆ ಸೊನ್ನೆ. ಕಪ್ಪು ಬರೀ ಗೆರೆಗೆ. ಅಂದರೆ ಉಳಿದ ಮೂರು ಶಾಯಿಯಿಂದ ನಾಲ್ಕು ಗುಣಿಸು ನಾಲ್ಕು ಗುಣಿಸು ನಾಲ್ಕು, ಒಟ್ಟು 64 ಬಣ್ಣ. ತೆಳು ಬಣ್ಣ ಬೇಕಾದರೆ ಶಾಯಿಗೆ ನೀರು ಬೆರೆಸಲು ಬರುವುದಿಲ್ಲವಲ್ಲ, ಸಣ್ಣ ಸಣ್ಣ ಚುಕ್ಕಿ ಹಾಕುತ್ತಿದ್ದರು. ದೂರದಿಂದ ನೋಡಿದರೆ ತೆಳು ಬಣ್ಣ, ಹತ್ತಿರದಿಂದ ಚುಕ್ಕಿ. ಈ ಚುಕ್ಕಿಗೆ ಬೆಂಡೇ ಡಾಟ್ ಅನ್ನುತ್ತಾರೆ, 1879ರಲ್ಲಿ ಈ ಉಪಾಯ ಮಾಡಿದ ಬೆಂಜಮಿನ್ ಡೇ ಅನ್ನುವವನ ಹೆಸರಿನಿಂದ.

ಅಲ್ಲಿ ಮನುಷ್ಯರ ಮೈಗೆ ಹಾಕುತ್ತಿದ್ದದ್ದು ಹಳದಿ 25, ಮಜೆಂಟಾ 25. ಅದಕ್ಕೇ ಎಲ್ಲರೂ ಗುಲಾಬಿ. ನಾನು ಅದನ್ನೇ ಕಣ್ಣು ಮುಚ್ಚಿ ಹಾಕಿದ್ದೆ, ನಮ್ಮ ಹುಡುಗಿ ಸುಡು ಬಿಸಿಲಿನಲ್ಲಿ ಬೆಂದ ಫಾರಿನ್ ಮಗುವಿನ ಹಾಗೆ ಬಂದಳು. ಎರಡನೇ ಸಲ ಹಳದಿ 100, ಮಜೆಂಟಾ 50, ಸಯಾನ್ 25 ಇಟ್ಟೆ. ಅದೇ ಹಳೇ 64ರೊಳಗಿನ ಬಣ್ಣವೇ, ಆದರೆ ನಮ್ಮ ಕಂದು. ಇನ್ನೂ ಗಾಢ ಬೇಕಾದರೆ ಸಯಾನ್ 50ಕ್ಕೆ ಏರಿಸಿ ನೋಡಿ.

ಈ ಶೈಲಿ ಯಾರಿಗೆ? ಎಂಟು ಒಂಬತ್ತು ದಾಟಿದ, ಹಾರಬೇಕು ಗುದ್ದಬೇಕು ಅನ್ನೋ ಮಕ್ಕಳಿಗೆ. ಸಣ್ಣವರಿಗೆ ಆ ಕಪ್ಪು ನೆರಳು ಭಯ ಹುಟ್ಟಿಸುತ್ತದೆ. ಮುಖದ ಅರ್ಧ ಭಾಗ ಕಪ್ಪಾದರೆ ನಮಗೆ ಅದು ಸ್ಟೈಲು, ಆರು ವರ್ಷದವರಿಗೆ ಅದು ಅರ್ಧ ಮುಖ ಇಲ್ಲದ ಮನುಷ್ಯ.

ಹಾಗಾದರೆ ಕೊನೆಗೆ ಹಿಡಿದದ್ದು ಯಾವುದು?

ಟಿನ್‌ಟಿನ್ ಥರದ್ದು. 1929ರಲ್ಲಿ ಬೆಲ್ಜಿಯಂನ ಎರ್ಜೆ ಶುರು ಮಾಡಿದ. ಆಮೇಲೆ ಬೆಳೆದ ಈ ಶೈಲಿಗೆ 1977ರಲ್ಲಿ ಯೂಸ್ಟ್ ಸ್ವಾರ್ಟೆ ಅನ್ನೋ ಡಚ್ ಕಲಾವಿದ "ಸ್ಪಷ್ಟ ಗೆರೆ" ಅನ್ನೋ ಅರ್ಥದ ಹೆಸರು ಕೊಟ್ಟ. ಹೆಸರಿಗೆ ತಕ್ಕ ಹಾಗೇ ಇದೆ. ಎಲ್ಲ ಗೆರೆಯೂ ಒಂದೇ ದಪ್ಪ. ನೆರಳಿಗೆ ಗೀಚುವುದಿಲ್ಲ. ಬಣ್ಣ ಸಪಾಟು. ಮತ್ತೆ ಇದರ ಗುಟ್ಟು ಇರೋದು ಇಲ್ಲಿ: ಮುಖ ತೀರಾ ಸರಳ, ಎರಡು ಚುಕ್ಕಿ ಕಣ್ಣು, ಒಂದು ಸಣ್ಣ ಮೂಗು. ಹಿಂದಿರೋ ಊರು, ಕಟ್ಟಡ, ಗಾಡಿ ಮಾತ್ರ ಇದ್ದದ್ದು ಇದ್ದ ಹಾಗೆ.

ಮುಖ ಸರಳವಾದಷ್ಟೂ ಮಗು ಅದರೊಳಗೆ ಸುಲಭವಾಗಿ ತೂರಿಕೊಳ್ಳುತ್ತದೆ. ಫೋಟೋದ ಹಾಗೆ ಬರೆದರೆ "ಮೂಗು ನನ್ನದಲ್ಲ" ಅಂತ ತಕರಾರು ತೆಗೆಯುತ್ತದೆ. ಎರಡು ಚುಕ್ಕಿಯ ಜೊತೆ ಯಾರೂ ಜಗಳ ಆಡುವುದಿಲ್ಲ. ಅದೇ ಹೊತ್ತಿಗೆ ಹಿಂದೆ ಕಾಣೋದು ನಿಜವಾದ ಕಲಬುರಗಿ ಕೋಟೆ, ನಿಜವಾದ ಜಾಮಿ ಮಸೀದಿಯ ಗುಮ್ಮಟಗಳು. 1367ರ ಆ ಮಸೀದಿಗೆ ಬಯಲು ಅಂಗಳವೇ ಇಲ್ಲ, ಪೂರ್ತಿ ಮೇಲೆ ಗುಮ್ಮಟ ಮುಚ್ಚಿದೆ. ಒಳಗಿನ ಕಮಾನುಗಳ ಸಾಲು ಒಂದರ ಹಿಂದೆ ಒಂದು, ಸ್ಪಷ್ಟ ಗೆರೆಯಲ್ಲಿ ಬರೆಯಲೆಂದೇ ಕಟ್ಟಿದ ಹಾಗಿದೆ. ನಮ್ಮ ಹುಡುಗಿ ಎರಡನೇ ಪುಸ್ತಕದಲ್ಲಿ ಮೊದಲು ಗುರುತು ಹಿಡಿದದ್ದು ತೋಪನ್ನು, "ಇದು ನಾವು ಹೋಗಿದ್ವಲ್ಲ, ಆ ಜಾಗ!" ಅಂದಳು, ಆ "ನಾವು" ಬಂದ ಮೇಲೆ ನಾಯಕಿ ಯಾರು ಅನ್ನೋ ಪ್ರಶ್ನೆ ಬರಲಿಲ್ಲ.

ಐದರಿಂದ ಒಂಬತ್ತು ವರ್ಷದವರಿಗೆ, ಊರೊಳಗೆ ಹಗಲಲ್ಲಿ ನಡೆಯೋ ಕತೆಗೆ, ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಚಿತ್ರ ಬರಲ್ಲ ಅನ್ನುವವರು ಕೂಡ ಕಟ್ಟಡದ ಫೋಟೋ ತೆಗೆದು, ಮೇಲೆ ತೆಳು ಕಾಗದ ಇಟ್ಟು ಗೆರೆ ಎಳೆದುಕೊಳ್ಳಬಹುದು. ಇದರಲ್ಲಿ ನಾಚಿಕೆ ಏನಿಲ್ಲ.

ನಮ್ಮ ಮನೆ ಬಾಗಿಲಲ್ಲೇ ಇರೋ ಮೂರು ಪಾಠ

ಮುಖಪುಟ ಮತ್ತು ಒಳಪುಟ ಒಂದೇ ಶೈಲಿ ಇರಬೇಕು ಅಂತ ಯಾರು ಹೇಳಿದರು? ಹಳೇ ಕಾಮಿಕ್ಸ್‌ಗಳಲ್ಲಿ ಒಳಗೆ ಗೆರೆ ಚಿತ್ರ, ಹೊರಗೆ ಪೇಂಟಿಂಗ್ ಇರುವುದು ಮಾಮೂಲು. ಮುಖಪುಟಕ್ಕೆ ಎಸ್.ಎಂ. ಪಂಡಿತರನ್ನು ನೋಡಿ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಪತ್ರಿಕೆಯ ಮುಖಪುಟ, ಕ್ಯಾಲೆಂಡರ್ ಚಿತ್ರ ಬರೆದು ಹೆಸರಾದವರು. ಇಲ್ಲಿನ ರಂಗಮಂದಿರಕ್ಕೆ ಅವರದೇ ಹೆಸರಿದೆ, ನಾಟಕಕ್ಕೆ ಹೋದವರಿಗೆಲ್ಲ ಗೊತ್ತು, ಆದರೆ ಎಷ್ಟು ಜನ ಅವರ ಚಿತ್ರ ನೋಡಿದ್ದಾರೋ. ಅವರ ಕ್ಯಾಲೆಂಡರ್ ಚಿತ್ರಗಳಲ್ಲಿ ಬೆಳಕು ಒಂದು ಕಡೆಯಿಂದ ಬಂದು ಮೈ ಮೇಲೆ ಜಾರುತ್ತದೆ, ಪಾತ್ರ ಇಡೀ ಹಾಳೆ ತುಂಬಿ ನಿಲ್ಲುತ್ತದೆ. ಹಾಗೆ ನಿಮ್ಮ ಮಗಳನ್ನು ನಿಲ್ಲಿಸಿ, ಸೊಂಟದ ಮೇಲೆ ಕೈ, ಹಿಂದೆ ಮುಳುಗೋ ಸೂರ್ಯ. ಒಳಗೆ ಬೇಕಾದರೆ ಚುಕ್ಕಿ ಕಣ್ಣೇ ಇರಲಿ.

ಎರಡನೇದು ಬಿದರಿ. ಬಣ್ಣದ ಪ್ರಿಂಟಿಗೆ ದುಡ್ಡಿಲ್ಲ, ಜೆರಾಕ್ಸೇ ಗತಿ ಅನ್ನುವವರು ಬಿದರಿ ಹೂಜಿ ಒಂದನ್ನು ಮುಂದಿಟ್ಟುಕೊಂಡು ಕೂರಬೇಕು. ಸತು ಜಾಸ್ತಿ, ತಾಮ್ರ ಸ್ವಲ್ಪ ಹಾಕಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಹಳೇ ಮಣ್ಣಿನಲ್ಲಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನಡುವೆ ಬೂದು ಅನ್ನೋದೇ ಇಲ್ಲ. ಕಪ್ಪು ಬಿಳುಪು ಕಾಮಿಕ್ಸಿಗೆ ಇದಕ್ಕಿಂತ ಒಳ್ಳೇ ಮೇಷ್ಟ್ರು ಬೇಕಾ? ಬಿಳಿ ಹಾಳೆ ಮೇಲೆ ಕಪ್ಪು ಗೆರೆ ಎಳೆಯೋ ಬದಲು, ಮೊದಲು ಚೌಕ ಪೂರ್ತಿ ಕಪ್ಪು ಅಂದುಕೊಂಡು, ಬೆಳಕು ಬೀಳೋ ಕಡೆ ಮಾತ್ರ ಬಿಳಿ ಬಿಡಿ. ಕರೆಂಟು ಹೋದ ರಾತ್ರಿಯ ಕತೆ, ಮಾಳಿಗೆ ಮೇಲೆ ಮಲಗಿ ಚುಕ್ಕಿ ಎಣಿಸೋ ಕತೆ ಇದರಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಒಂದೇ ಮಾತು, ಮಗುವಿನ ಮುಖವನ್ನು ಯಾವಾಗಲೂ ಬೆಳಕಲ್ಲೇ ಇಡಿ. ಮೇಲೆ ಹೇಳಿದ ಅರ್ಧ ಮುಖದ ಗಲಾಟೆ ಮತ್ತೆ ಬೇಡ.

ಮೂರನೇದು ಯಾದಗಿರಿ ಜಿಲ್ಲೆಯ ಸುರಪುರದ ಚಿತ್ರಕಲೆ, ಗರುಡಾದ್ರಿ ಮನೆತನದವರ ಕೆಲಸ. ಕೂದಲೆಳೆಯಂಥ ಗೆರೆ, ಚಿನ್ನದ ಬಣ್ಣ. ಅಷ್ಟು ಸೂಕ್ಷ್ಮ ನಮ್ಮ ಕೈಲಿ ಆಗದು. ಕತೆ ಶುರುವಾಗೋ ಮೊದಲ ಪುಟದ ಸುತ್ತ ಬಳ್ಳಿಯ ಅಂಚು ಕಟ್ಟಿ ಹಳದಿ ಬಣ್ಣ ತುಂಬಿದರೆ ಸಾಕು, ಆ ನೆನಪು ಬರುತ್ತದೆ.

ಇಲ್ಲೊಂದು ಅಡ್ಡಮಾತು. ಚಿತ್ರದ ಜೊತೆ ಅಕ್ಷರ ಇಡೋದು ನಮಗೆ ಫಾರಿನ್ನಿನಿಂದ ಬಂದ ಬುದ್ಧಿ ಅಂತ ಯಾರಾದರೂ ಅಂದರೆ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಗೆ ಕರೆದುಕೊಂಡು ಹೋಗಿ. ಅಲ್ಲಿನ ಸ್ತೂಪದ ಕಲ್ಲಿನ ಫಲಕಗಳಲ್ಲಿ ಕತೆ ಕೆತ್ತಿ, ಬ್ರಾಹ್ಮಿಯಲ್ಲಿ ಹೆಸರು ಬರೆದಿದ್ದಾರೆ. ರಾಜ ನಿಂತಿದ್ದಾನೆ, ಪಕ್ಕದಲ್ಲಿ ರಾಣಿ, ಜೊತೆಗೆ "ರಾಯೋ ಅಸೋಕೋ" ಅನ್ನೋ ಅಕ್ಷರ. ಅಶೋಕ ಯಾರು ಅಂತ ಯಾರೂ ಕೇಳುವ ಹಾಗಿಲ್ಲ. ನನ್ನ ಮೊದಲ ಪುಸ್ತಕಕ್ಕಿಂತ ಸ್ಪಷ್ಟ.

ಗುರುತು ಹಿಡಿಯೋ ಪರೀಕ್ಷೆ

ಶೈಲಿ ಗಟ್ಟಿ ಮಾಡೋ ಮೊದಲು ಇದನ್ನು ಮಾಡಿ, ಒಂದು ಸಂಜೆಯ ಕೆಲಸ. ಮಗುವಿನ ಮೂರು ಗುರುತು ಆರಿಸಿ. ಮುಖದ ಗುರುತೇ ಆಗಬೇಕಿಲ್ಲ, ದೂರದಿಂದ ಕಾಣಬೇಕು ಅಷ್ಟೇ. ಬಿದ್ದ ಹಲ್ಲು, ಕೆಂಪು ರಿಬ್ಬನ್ನಿನ ಎರಡು ಜಡೆ, ದೊಡ್ಡ ಚಪ್ಪಲಿ, ಇವು ನಮ್ಮವು. ನಿಮ್ಮ ಮನೆಯಲ್ಲಿ ಕನ್ನಡಕ ಇರಬಹುದು, ಸದಾ ಕೈಲಿರೋ ಬ್ಯಾಟು ಇರಬಹುದು. ಆಮೇಲೆ ಅದೇ ಮಗುವನ್ನು ಅದೇ ಭಂಗಿಯಲ್ಲಿ ಮೂರು ಶೈಲಿಯಲ್ಲಿ ಬರೆಯಿರಿ. ಹೆಸರು ಬರೆಯಬೇಡಿ. ಮನೆಯ ಅಜ್ಜಿಗೆ ಒಂದೊಂದಾಗಿ ತೋರಿಸಿ ಯಾರಿದು ಅಂತ ಕೇಳಿ.

ನಮ್ಮ ಅವ್ವನಿಗೆ ಕಣ್ಣು ಮಂಜು. ಅಮೆರಿಕನ್ ಶೈಲಿಯದ್ದನ್ನು ನೋಡಿ "ಯಾರೋ ಸಿನಿಮಾದಾಕಿ" ಅಂದಳು. ಸ್ಪಷ್ಟ ಗೆರೆಯದ್ದನ್ನು ನೋಡಿ "ಮತ್ತ ನನ್ನ ಚಪ್ಪಲಿ ಹಾಕ್ಕೊಂಡಾಳಲ್ಲ" ಅಂದಳು. ತೀರ್ಪು ಆಯಿತು.

ಎಐ ಆ್ಯಪಿನಲ್ಲಿ ಮಾಡುವವರು ಈಗ ಜಾಸ್ತಿ. ಮಾಡಿ, ಬೇಡ ಅನ್ನಲ್ಲ. ಆದರೆ ಮಗುವಿನ ಫೋಟೋ ಏರಿಸಬೇಡಿ. ಅದೇ ಮೂರು ಗುರುತನ್ನು ಮಾತಿನಲ್ಲಿ ಬರೆದು ಕೊಟ್ಟರೆ ಸಾಕು, ಸರಳ ಶೈಲಿಗೆ ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಸುಮ್ನೆ "ಹಳೇ ಕಾಮಿಕ್ಸ್ ಶೈಲಿ" ಅಂದರೆ ಅದು ಅಮೆರಿಕದ್ದನ್ನೇ ತಂದು ಸುರಿಯುತ್ತದೆ. ಒಂದೇ ದಪ್ಪದ ಗೆರೆ, ಸಪಾಟು ಬಣ್ಣ, ನೆರಳಿನ ಗೀಚು ಬೇಡ, ಕಂದು ಮೈಬಣ್ಣ, ಕಪ್ಪು ಕಲ್ಲಿನ ಕೋಟೆ, ಹೀಗೆ ಬಿಡಿಸಿ ಹೇಳಿ. ಪುಟದಿಂದ ಪುಟಕ್ಕೆ ಜಡೆ ಎರಡಿದ್ದದ್ದು ಒಂದಾಗುತ್ತದೆ, ಎಣಿಸುತ್ತಾ ಇರಿ. ಕನ್ನಡ ಅಕ್ಷರವನ್ನು ಅದರ ಕೈಗೆ ಕೊಡಲೇಬೇಡಿ, ಕೊಂಬು ಒಂದು ಕಡೆ ಒತ್ತು ಒಂದು ಕಡೆ ಮಾಡಿಡುತ್ತದೆ. ಗುಳ್ಳೆ ಖಾಲಿ ಬಿಡಿಸಿಕೊಂಡು ನೀವೇ ಬರೆಯಿರಿ.

ಬಿಸಿಲು, ಮಣ್ಣು, ಅಕ್ಷರ

ಹಳೇ ಕಾಮಿಕ್ಸಿನ ಆಕಾಶ ಅಂದರೆ ನೀಲಿ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಕಲಬುರಗಿಯ ಆಕಾಶ ನೀಲಿ ಇರುತ್ತದಾ? ಬೆಳ್ಳಗೆ, ಅಂಚಿನಲ್ಲಿ ಸ್ವಲ್ಪ ಹಳದಿ. ನಾನು ಆಕಾಶಕ್ಕೆ ಹಳದಿ 25 ಹಾಕಿ ಬಿಟ್ಟೆ, ಪುಟ ನೋಡಿದರೇ ಬೆವರು ಬರುತ್ತದೆ. ನೀಲಿಯನ್ನು ಮಳೆಗಾಲದ ಕತೆಗೆ ಇಟ್ಟುಕೊಳ್ಳಿ. ಮಣ್ಣು ಕೂಡ ಒಂದೇ ಅಲ್ಲ. ಕಲಬುರಗಿ ಕಡೆ ಎರೆಭೂಮಿ, ಕಪ್ಪು ಮಣ್ಣು, ಅದರ ಮೇಲೆ ತೊಗರಿ ಹಸಿರು. ಬೀದರ್ ಕೆಂಪು ಜಂಬಿಟ್ಟಿಗೆಯ ಮೇಲೆ ಕೂತ ಊರು, ಅಲ್ಲಿನ ಕತೆಗೆ ಕೆಂಪು ನೆಲ ಹಾಕಿ, ಗವಾನ್ ಮದರಸಾ ಬಂದರೆ ಮಾತ್ರ 1472ರ ಆ ಹೆಂಚುಗಳಿಗೆ ನೀಲಿ ತೆಗೆಯಿರಿ, ಆಗ ಅದು ಹೊಳೆಯುತ್ತದೆ. ಮನೆಯೊಳಗಿನ ನೆಲಕ್ಕೆ ಶಹಾಬಾದ್ ಫರ್ಸಿಯ ಬೂದು. ಮಕ್ಕಳು ಇದನ್ನೆಲ್ಲ ಗಮನಿಸುವುದಿಲ್ಲ ಅಂದುಕೊಂಡಿದ್ದೆ, ಗಮನಿಸುತ್ತಾರೆ.

ಅಕ್ಷರದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲ ದೊಡ್ಡಕ್ಷರ, ಒಂದೇ ಎತ್ತರ, ಸಾಲಿನ ಮೇಲೆ ಸಾಲು ಅಂಟಿಸಬಹುದು. ನಮಗೆ ಮೇಲೆ ಗುಣಿತ, ಕೆಳಗೆ ಒತ್ತು. "ಅಜ್ಜಿ ಅಟ್ಟಕ್ಕೆ ಹತ್ತಿದ್ದಾಳೆ" ಅಂತ ಬರೆದು ನೋಡಿ, ಕೆಳಗಿನ ಸಾಲಿನ ತಲೆಗೆ ಒತ್ತು ಕುಟ್ಟುತ್ತದೆ. ಸಾಲುಗಳ ನಡುವೆ ಅಕ್ಷರದ ಎತ್ತರದ ಅರ್ಧಕ್ಕಿಂತ ಜಾಸ್ತಿ ಜಾಗ ಬಿಡಿ. ಅದಕ್ಕೇ ಮೊದಲು ಮಾತು ಬರೆದು, ಸುತ್ತ ಗುಳ್ಳೆ ಎಳೆದು, ಉಳಿದ ಜಾಗದಲ್ಲಿ ಚಿತ್ರ ಬರೆಯಿರಿ. ಚಿತ್ರ ಮುಗಿಸಿ ಆಮೇಲೆ ಗುಳ್ಳೆ ತೂರಿಸಲು ಹೋದರೆ ಯಾರದಾದರೂ ತಲೆ ಹೋಗುತ್ತದೆ. ಒಂದು ಗುಳ್ಳೆಗೆ ಏಳೆಂಟು ಪದ ಸಾಕು. ಈಗಷ್ಟೇ ಓದಲು ಕಲಿತ ಮಗುವಿಗೆ ಇನ್ನೂ ಕಡಿಮೆ.

ಮಾತು ಮನೆಯ ಮಾತೇ ಇರಲಿ. ಪಟ್ಟಿಯಲ್ಲಿ ಕತೆ ಹೇಳೋ ಸಾಲು ಪುಸ್ತಕದ ಕನ್ನಡದಲ್ಲಿರಲಿ, ಗುಳ್ಳೆಯೊಳಗೆ "ಎಲ್ಲಿ ಹೊಂಟಿ? ನಾನೂ ಬರ್ತೀನಿ ತಡಿ" ಇರಲಿ. ಶಬ್ದಕ್ಕೆ "ಬೂಮ್", "ಪೌ" ಯಾಕೆ? ಧಡಾರ್, ಧೊಪ್, ಟಣ್, ಚರಚರ, ಗಡಗಡ ಅಂತ ನಮ್ಮಲ್ಲಿ ರಾಶಿ ಇದೆ. ಆಡು ತೋಪಿನಿಂದ ಜಾರಿದಾಗ "ಜರ್‌ರ್‌ರ್" ಅಂತ ಪುಟದ ಉದ್ದಕ್ಕೂ ಓರೆಯಾಗಿ ಬರೆದೆ, ಅವಳು ಆ ಒಂದು ಪುಟವನ್ನು ಎಷ್ಟು ಸಲ ಜೋರಾಗಿ ಓದಿದಳೋ ಲೆಕ್ಕ ಇಲ್ಲ.

ಪ್ರಿಂಟ್ ಅಂಗಡಿಗೆ ಹೋಗೋ ಮುಂಚೆ

ಎ4 ಹಾಳೆ ಮಡಚಿದರೆ ನಾಲ್ಕು ಪುಟ, ಆದ್ದರಿಂದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಎಂಟು ಪುಟಕ್ಕೆ ಎರಡು ಹಾಳೆ. ಮೊದಲ ಹಾಳೆಯ ಒಂದು ಕಡೆ 8 ಮತ್ತು 1, ಬೆನ್ನಿಗೆ 2 ಮತ್ತು 7. ಎರಡನೇ ಹಾಳೆಯಲ್ಲಿ 6 ಮತ್ತು 3, ಬೆನ್ನಿಗೆ 4 ಮತ್ತು 5. ನಡುವೆ ಎರಡು ಪಿನ್ನು. 4 ಮತ್ತು 5 ಒಂದೇ ಹಾಳೆಯಲ್ಲಿ ಎದುರುಬದುರು ಬರೋದರಿಂದ ದೊಡ್ಡ ಚಿತ್ರ ಇದ್ದರೆ ಅಲ್ಲೇ ಇಡಿ.

ಕಾಗದ 80 ಜಿಎಸ್ಎಂ ಮ್ಯಾಪ್‌ಲಿಥೋ ಕೇಳಿ. ಮಿಂಚೋ ಆರ್ಟ್ ಪೇಪರ್ ಹಾಕಿದರೆ ಹಳೇತನ ಅಲ್ಲೇ ಸತ್ತಿತು, ಮದುವೆ ಕಾರ್ಡಿನ ಹಾಗಾಗುತ್ತದೆ. ಕಾಗದಕ್ಕೆ ಹಳದಿ ಬಣ್ಣದ ಕಲೆ ಪ್ರಿಂಟ್ ಮಾಡಿ ಹಳೇದು ಮಾಡೋ ಚಾಳಿ ಇದೆಯಲ್ಲ, ನನಗೆ ಅದು ಇಷ್ಟವಿಲ್ಲ. ಮಗುವಿಗೆ ಅದು ಕೊಳೆ ಅಷ್ಟೇ.

ಚುಕ್ಕಿ ಬೇಕೇ ಬೇಕು ಅನ್ನುವವರಿಗೆ ಕಂಪ್ಯೂಟರಿನಲ್ಲಿ ಚಿತ್ರ ಮಾಡೋ ಜಿಂಪ್ ಸಾಫ್ಟ್‌ವೇರಿನಲ್ಲಿ ನ್ಯೂಸ್‌ಪ್ರಿಂಟ್ ಅನ್ನೋ ಫಿಲ್ಟರ್ ಇದೆ, ಅಂಥದ್ದೇ ಕ್ರಿಟಾದಲ್ಲಿ ಹಾಫ್‌ಟೋನ್ ಇದೆ. ಎರಡೂ ಪುಕ್ಕಟೆ. ಚುಕ್ಕಿ ಸಾಲುಗಳ ಓರೆ ಕೋನ ಸಯಾನ್ 15, ಮಜೆಂಟಾ 75, ಹಳದಿ 0, ಕಪ್ಪು 45 ಡಿಗ್ರಿ. ಒಂದೇ ಕೋನ ಇಟ್ಟರೆ ಚುಕ್ಕಿಗಳು ಒಂದರ ಮೇಲೊಂದು ಕೂತು ಬಣ್ಣ ಕೆಡುತ್ತದೆ, ಕೋನಗಳು ತೀರಾ ಹತ್ತಿರ ಇದ್ದರೆ ಬಟ್ಟೆಯ ನೇಯ್ಗೆ ಥರ ಅಲೆ ಅಲೆ ಬರುತ್ತದೆ. ಫೈಲು 300 ಡಿಪಿಐ ಇರಲಿ. ಅಕ್ಷರ ಮತ್ತು ಕಪ್ಪು ಗೆರೆಯನ್ನು ಬೇರೆ ಪದರದಲ್ಲಿಟ್ಟು, ಬಣ್ಣಕ್ಕೆ ಮಾತ್ರ ಫಿಲ್ಟರ್ ಹಾಕಿ, ಇಲ್ಲದಿದ್ದರೆ ಒತ್ತಕ್ಷರವೆಲ್ಲ ಸಾಸಿವೆ ಕಾಳಾಗುತ್ತದೆ. ಮುಖದ ಮೇಲೆ ಚುಕ್ಕಿ ದೊಡ್ಡದಾದರೆ ಅಮ್ಮ ಬಂದಂತೆ ಕಾಣುತ್ತದೆ, ಮುಖವನ್ನು ಸಪಾಟು ಬಣ್ಣದಲ್ಲೇ ಬಿಡುವುದು ಒಳ್ಳೆಯದು.

ಅಂಗಡಿಯಲ್ಲಿ ಮೊದಲು ಒಂದೇ ಹಾಳೆ ಹಾಕಿಸಿ ನೋಡಿ. ನಾನು ಹೋದ ಕಡೆ ಹುಡುಗ ಒಳ್ಳೇ ಮನಸ್ಸಿನಿಂದಲೇ "ಸರ್, ಬಣ್ಣ ಡಲ್ ಇತ್ತು, ಸರಿ ಮಾಡಿದೆ" ಅಂತ ಎಲ್ಲ ಹಾಳೆ ಹಾಕಿ ಕೊಟ್ಟ. ನನ್ನ ಬಿಸಿಲಿನ ಆಕಾಶ ನಿಂಬೆಹಣ್ಣಾಗಿತ್ತು. ಜೊತೆಗೆ ಹಾಳೆಗೆ ಹೊಂದಿಸೋ ಆಯ್ಕೆ ಒತ್ತಿದ್ದರಿಂದ ಪುಟ ಕುಗ್ಗಿ ಸುತ್ತ ಬಿಳಿ ಅಂಚು. "ಅಳತೆ ಬದಲಿಸಬೇಡಿ, ಬಣ್ಣ ಮುಟ್ಟಬೇಡಿ" ಅಂತ ಫೈಲಿನ ಹೆಸರಿನಲ್ಲೇ ಬರೆದು ಕೊಂಡುಹೋಗಿ.

ಇನ್ನೊಂದು. ಕೊನೇ ಪುಟದಲ್ಲಿ ಎರಡು ಚೌಕ ಖಾಲಿ ಬಿಡಿ, ಬರೀ ಗೆರೆ ಹಾಕಿ, ಒಳಗೆ ಏನೂ ಬೇಡ. ನಾನು ಮರೆತು ಹಾಗೇ ಖಾಲಿ ಬಿಟ್ಟಿದ್ದೆ. ಅವಳು ಪೆನ್ಸಿಲ್ ತಂದು ಅಲ್ಲಿ ಮುಂದಿನ ಕತೆ ಬರೆದಿದ್ದಾಳೆ. ಆಡು ವಾಪಸ್ ತೋಪಿನ ಮೇಲೆ ಹತ್ತಿದೆ, ಅದಕ್ಕೆ ಐದು ಕಾಲು. ಐದನೇದು ಬಾಲ ಅಂತೆ.